ಗ್ರಹಣ ಬಿಟ್ಟ ಮೇಲಿನ ನೀರು

ಅಪ್ಪಯ್ಯ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ದೇವರ ಮುಖವನ್ನಲ್ಲ, ಅಮ್ಮನ ಮುಖವನ್ನಂತೂ ಅಲ್ಲವೇ ಅಲ್ಲ. ಮೀನಿನ ಮುಖವನ್ನು. ಡೊಂಬಿವಲಿ ಪೂರ್ವದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ, ಬೇರೆಯವರು ಸೋಫಾ ಇಡುವ ಗೋಡೆಯುದ್ದಕ್ಕೂ ಅವರ ಗಾಜಿನ ಟ್ಯಾಂಕ್ ಇತ್ತು. ಅದರ ಭಾರ ಹೊರಲು ಕಳಂಬೋಲಿಯ ಕಬ್ಬಿಣದ ಅಂಗಡಿಯೊಂದರಲ್ಲಿ ಹೇಳಿ ಸ್ಟ್ಯಾಂಡ್ ಮಾಡಿಸಿದ್ದರು. ಮನೆಗೆ ಬಂದವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎಷ್ಟು ಚಂದ, ನೀರು ಎಷ್ಟು ತಿಳಿ ಎಂದು ಹೊಗಳಿ, ಕಾಫಿ ಕುಡಿದು ಹೋಗುತ್ತಿದ್ದರು. ಆ ತಿಳಿನೀರಿಗಾಗಿ ಯಾರ ಸೊಂಟ ಮುರಿಯುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಅಮ್ಮ ಹೇಳುತ್ತಿರಲಿಲ್ಲ.

ಅಪ್ಪಯ್ಯ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಅವರ ಮೂಗು ಹೆಸರುವಾಸಿ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಚಟ್ನಿ ಹಳಸಿದೆ, ಹಿಟ್ಟು ಹುಳಿ ಹೆಚ್ಚಾಗಿದೆ ಎಂದು ಹೇಳಿಬಿಡುತ್ತಿದ್ದರು. ಅವರು ಹೇಳುವುದು ಎಂದರೆ ಕೂಗುವುದು. ಬೇಗ ಒರೆಸು, ಬೇಗ ತಾ, ಬೇಗ ಸಾಯಿ. ‘ಬೇಗ’ ಇಲ್ಲದೆ ಅವರ ಬಾಯಿಂದ ಒಂದು ವಾಕ್ಯ ಹೊರಟದ್ದು ನನಗೆ ನೆನಪಿಲ್ಲ. ಹೋಟೆಲಿನಲ್ಲಾದರೆ ಆ ಬೈಗುಳ ಹತ್ತಾರು ಜನರಿಗೆ ಹಂಚಿಹೋಗುತ್ತಿತ್ತು. ಮನೆಯಲ್ಲಿ ಅಷ್ಟೂ ಅಮ್ಮ ಒಬ್ಬಳ ಪಾಲಿಗೆ ಬರುತ್ತಿತ್ತು.

ಇಂಥ ಮನುಷ್ಯ ಮೀನಿನ ಮುಂದೆ ಮಾತ್ರ ಬೆಣ್ಣೆಯಾಗುತ್ತಿದ್ದರು. ತಲೆಯ ಮೇಲೆ ಗಂಟುಗಂಟು ಬೆಳೆದ ದೊಡ್ಡ ಜಾತಿಯ ಗೋಲ್ಡ್ ಫಿಶ್‌ಗಳು. ಸಂಜೆ ಡಬ್ಬಿಯಿಂದ ಒಂದು ಚಿಟಿಕೆ ಕಾಳು ತೆಗೆದು ನೀರಿನ ಮೇಲೆ ಹಿಡಿದರೆ ಅವು ಬಂದು ಬೆರಳನ್ನೇ ಚೀಪುತ್ತಿದ್ದವು. ಅಪ್ಪಯ್ಯ ನಗುತ್ತಿದ್ದರು. ಅವರಿಗೆ ನಗಲಿಕ್ಕೆ ಬರುತ್ತದೆ ಎಂದು ನನಗೆ ಗೊತ್ತಾದದ್ದೇ ಆ ಮೀನುಗಳಿಂದ.

ಗೋಲ್ಡ್ ಫಿಶ್ ಎಂಬುದು ನೋಡಲಿಕ್ಕೆ ರಾಜಕುಮಾರಿ, ಗುಣದಲ್ಲಿ ಹೊಟ್ಟೆಬಾಕ. ಇಡೀ ದಿನ ತಿನ್ನುತ್ತದೆ, ಇಡೀ ದಿನ ಹೇಲುತ್ತದೆ. ಅದರಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ತಿಳಿನೀರಿನೊಳಗೇ ಮೀನಿನ ಕಿವಿರು ಸುಟ್ಟುಹೋಗುತ್ತದೆ. ಅದನ್ನು ತಡೆಯುವುದು ಫಿಲ್ಟರ್. ಅದರ ಸ್ಪಂಜಿನಲ್ಲಿ, ಪಿಂಗಾಣಿಯ ಚೂರುಗಳಲ್ಲಿ ಒಂದು ಬಗೆಯ ಕಾಣದ ಜೀವಿಗಳು ಬೆಳೆದು ಆ ವಿಷವನ್ನು ತಿಂದುಹಾಕುತ್ತವೆ. ದೋಸೆಹಿಟ್ಟನ್ನು ಹುಳಿ ಬರಿಸುವ ಹಾಗೆಯೇ ಇದು, ಅವಸರ ಮಾಡಿದರೆ ಆಗುವುದಿಲ್ಲ ಎಂದು ಅಪ್ಪಯ್ಯ ಹೇಳುತ್ತಿದ್ದರು. ಅವರು ಅವಸರ ಮಾಡದ ಒಂದೇ ವಿಷಯ ಇದು. ಆ ಸ್ಪಂಜನ್ನು ಎಂದೂ ನಲ್ಲಿಯ ನೀರಿನಲ್ಲಿ ತೊಳೆಯಕೂಡದು. ನಲ್ಲಿನೀರಿನ ಕ್ಲೋರಿನ್‌ಗೆ ಆ ಜೀವಿಗಳು ಸಾಯುತ್ತವೆ. ಟ್ಯಾಂಕಿನದೇ ನೀರನ್ನು ಬಕೆಟಿಗೆ ತೆಗೆದು, ಅದರಲ್ಲಿ ಮೆಲ್ಲಗೆ ಅದ್ದಿ ಹಿಂಡಬೇಕು. ಹಿಂಡುವವಳು ಅಮ್ಮ. ಹಿಂಡುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮೆಲ್ಲಗೆ ಮಾರಾಯ್ತಿ, ನಿನ್ನ ಚಾಪೆ ಒಗೆಯುವುದಲ್ಲ ಅದು ಎಂದು ಬೈಯುವವರು ಅಪ್ಪಯ್ಯ.

ನೀರಿನ ಪರೀಕ್ಷೆಯೂ ಅವಳದ್ದೇ. ಸಣ್ಣ ಗಾಜಿನ ನಳಿಕೆಯಲ್ಲಿ ಟ್ಯಾಂಕಿನ ನೀರು ಹಿಡಿದು, ಬಾಟಲಿಯಿಂದ ಹನಿ ಬಿಟ್ಟು, ಅಲ್ಲಾಡಿಸಿ, ಕಿಟಕಿಯ ಬೆಳಕಿಗೆ ಹಿಡಿಯಬೇಕು. ಹಳದಿ ಇದ್ದರೆ ಕ್ಷೇಮ, ಹಸಿರಿಗೆ ತಿರುಗಿದರೆ ಅಮೋನಿಯಾ. ಅಪ್ಪಯ್ಯ ಹೋಟೆಲಿಗೆ ಮುಟ್ಟಿದ ಕೂಡಲೇ ಫೋನ್ ಮಾಡಿ ಹಳದಿಯಾ ಎಂದು ಕೇಳುತ್ತಿದ್ದರು. ತಿಂಡಿ ತಿಂದೆಯಾ, ಜ್ವರ ಬಿಟ್ಟಿತಾ, ಅದೆಲ್ಲ ಇಲ್ಲ. ಹಳದಿ ಎಂದರೆ ಫೋನ್ ಇಟ್ಟುಬಿಡುತ್ತಿದ್ದರು.

ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ನೀರು ಬರುವುದೇ ಬೆಳಗಿನ ಒಂದು ಹೊತ್ತು. ಅಮ್ಮ ಬಾಲ್ಕನಿಯ ಡ್ರಮ್ ತುಂಬಿಸಿ, ಕ್ಲೋರಿನ್ ಹಾರಿಹೋಗಲಿ ಎಂದು ಒಂದು ದಿನ ಬಿಟ್ಟು, ಮರುದಿನ ಬಕೆಟ್ ಬಕೆಟಾಗಿ ಹಾಲಿಗೆ ಹೊತ್ತು ತರುತ್ತಿದ್ದಳು. ಅವಳ ಮೊಣಕಾಲು ಆಗಲೇ ಕೆಟ್ಟಿತ್ತು. ಏಪ್ರಿಲ್, ಮೇ ತಿಂಗಳ ಸೆಕೆಗೆ ಕರೆಂಟ್ ಹೋದರೆ ನಮ್ಮಲ್ಲಿ ಇನ್ವರ್ಟರ್ ಇತ್ತು, ಆದರೆ ಅದರ ವಯರ್ ಫ್ಯಾನಿಗೆ ಇರಲಿಲ್ಲ. ಫಿಲ್ಟರಿಗೆ ಮತ್ತು ಗಾಳಿಯ ಪಂಪಿಗೆ ಇತ್ತು. ಫಿಲ್ಟರ್ ನಿಂತರೆ ಒಳಗಿನ ಜೀವಿಗಳಿಗೆ ಉಸಿರು ಕಟ್ಟುತ್ತದೆಯಂತೆ. ಅಮ್ಮ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಅದರ ಗುಳುಗುಳು ಸದ್ದು ಕೇಳುತ್ತಾ ಕೂತಿರುತ್ತಿದ್ದಳು. ಇದನ್ನು ನೆನೆಸಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆದರೆ ಇದೆಲ್ಲ ಸಣ್ಣದು. ಅಮ್ಮ ಮರೆಯದೆ ಉಳಿಸಿಕೊಂಡದ್ದು ಬೇರೆ.

ಆಗ ನಾನು ಮದುವೆಯಾಗಿ ನಾಸಿಕದಲ್ಲಿದ್ದೆ. ಆ ಮದುವೆ ಮುರಿದು ನಾನು ಡೊಂಬಿವಲಿಗೆ ವಾಪಸ್ ಬಂದದ್ದು ಬೇರೆ ಕಥೆ, ಅದನ್ನು ಬರೆಯುವಷ್ಟು ಅದಕ್ಕೆ ಬೆಲೆಯೂ ಇಲ್ಲ. ಅಪ್ಪಯ್ಯ ಹಳೆಯ ಟ್ಯಾಂಕ್ ಕೊಟ್ಟು ಈ ದೊಡ್ಡದನ್ನು ತಂದಿದ್ದರು. ಫಿಲ್ಟರೂ ಹೊಸದು. ಹೊಸ ಫಿಲ್ಟರಿನಲ್ಲಿ ಜೀವಿಗಳು ಬೆಳೆಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ದಿನಾ ಪರೀಕ್ಷೆ ಮಾಡಿ, ದಿನಾ ಅರ್ಧ ನೀರು ಬದಲಾಯಿಸಿ ಮೀನನ್ನು ಉಳಿಸಿಕೊಳ್ಳಬೇಕು. ಆ ದಿನಗಳಲ್ಲೇ ಉಡುಪಿಯಿಂದ ಮಾವ, ಅಂದರೆ ಅಮ್ಮನ ಅಣ್ಣ, ಫೋನ್ ಮಾಡಿದರು. ಅಮ್ಮಮ್ಮ ಅನ್ನ ಬಿಟ್ಟಿದ್ದಾಳೆ, ನಿನ್ನ ಹೆಸರನ್ನೇ ಹೇಳುತ್ತಿದ್ದಾಳೆ, ಹೊರಟು ಬಾ ಎಂದರು. ಅಮ್ಮ ಸೀರೆ ಮಡಚಿ ಬ್ಯಾಗಿಗೆ ಹಾಕಿದಳು. ಠಾಣೆಯಿಂದ ರೈಲು ಹತ್ತಿದರೆ ಮರುದಿನ ಉಡುಪಿ.

ಅಪ್ಪಯ್ಯ ಬ್ಯಾಗ್ ನೋಡಿ, "ನಾಲ್ಕು ದಿನ ತಡಿ. ನೀರು ಒಂದು ಹದಕ್ಕೆ ಬರ್ಲಿ, ಮತ್ತೆ ಹೋಗು" ಎಂದರು.

ಅಮ್ಮ ತಡೆದಳು. ಯಾಕೆ ತಡೆದೆ ಎಂದು ನಾನು ಮುಂದೆ ಎಷ್ಟೋ ಸಲ ಜಗಳ ಆಡಿದ್ದೇನೆ. ಗಂಡ ಬೇಡವೆಂದ ಮೇಲೆ ಹೊರಡುವ ಹೆಂಗಸರ ಪೈಕಿ ಅವಳಲ್ಲ, ಅಷ್ಟೇ ಉತ್ತರ. ಬಕೆಟ್ ಹೊರುತ್ತಾ, ನಳಿಕೆ ಅಲ್ಲಾಡಿಸುತ್ತಾ ಕಾದಳು. ಅಮ್ಮಮ್ಮ ಕಾಯಲಿಲ್ಲ. ಫೋನ್ ಬಂದಾಗ ಅಮ್ಮನ ಕೈ ಟ್ಯಾಂಕಿನೊಳಗೆ ಮೊಣಕೈವರೆಗೆ ಮುಳುಗಿತ್ತಂತೆ. ಹೋದವರು ಹೋದರು, ಇನ್ನು ಓಡಿ ಹೋಗಿ ಎಂತ ಮಾಡುವುದು, ಹನ್ನೊಂದನೆಯ ದಿನಕ್ಕೆ ಹೋದರಾಯಿತು ಎಂದು ಅಪ್ಪಯ್ಯ ಹೋಟೆಲಿನಿಂದಲೇ ತೀರ್ಮಾನ ಕೊಟ್ಟರು. ಅಮ್ಮ ತಲೆಗೆ ಸ್ನಾನ ಮಾಡಿ ಬಂದು ಒದ್ದೆ ಕೂದಲಲ್ಲಿ ಕೂತಿರುವಾಗ ಮತ್ತೆ ಫೋನ್ ಬಂತು. ಹಳದಿಯಾ ಎಂದು ಕೇಳಿದರು. ಅವಳು ಎದ್ದು ಹೋಗಿ ನೋಡಿ, ಹಳದಿ ಎಂದಳು.

ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಬೀನ್ಸ್ ಮುರಿಯುತ್ತಾ, ಯಾರದೋ ಮನೆಯ ಸುದ್ದಿಯ ಹಾಗೆ.

ನಾನು ಡೊಂಬಿವಲಿಗೆ ಮರಳಿ, ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ ಹಿಡಿದ ಮೇಲೆ ಅಪ್ಪಯ್ಯನಿಗೆ ಸ್ಟ್ರೋಕ್ ಆಯಿತು. ಹೋಟೆಲಿನ ಗಲ್ಲಾದ ಹಿಂದೆಯೇ ಕುಸಿದರು. ಬಲಗೈ, ಬಲಗಾಲು ಹೋಯಿತು. ಆಸ್ಪತ್ರೆಯಲ್ಲಿರುವಾಗಲೇ ಎರಡನೆಯದು ಬಂದು ಮಾತನ್ನೂ ಎತ್ತಿಕೊಂಡು ಹೋಯಿತು. ಅಷ್ಟು ಮಾತಾಡಿದ ಬಾಯಲ್ಲಿ ಒಂದೇ ಶಬ್ದ ಉಳಿಯಿತು: "ಬೇಗ." ಹಸಿವಾದರೂ ಬೇಗ, ಬಟ್ಟೆ ಒದ್ದೆಯಾದರೂ ಬೇಗ, ಸೊಳ್ಳೆ ಕಚ್ಚಿದರೂ ಬೇಗ. ದೇವರು ಹುಡುಕಿ ಹುಡುಕಿ ಅದನ್ನೇ ಉಳಿಸಿದನಲ್ಲ ಎಂದು ನಾನು ಅಮ್ಮನ ಎದುರು ನಕ್ಕಿದ್ದೆ. ಅವಳು ನಗಲಿಲ್ಲ.

ಅವರನ್ನು ಟ್ಯಾಂಕಿನ ಮುಂದೆ ಕೈಯಿರುವ ಕುರ್ಚಿಯಲ್ಲಿ ದಿಂಬು ಒತ್ತಿ ಕೂರಿಸುತ್ತಿದ್ದೆವು. ಫಿಲ್ಟರಿನಿಂದ ನೀರು ಬೀಳುವ ಸದ್ದು ಕೇಳಿದರೆ ಶಾಂತವಾಗುತ್ತಿದ್ದರು. ಸಂಜೆ ಅಮ್ಮ ಅವರ ಎಡಗೈಗೆ ಒಂದು ಚಿಟಿಕೆ ಮೀನಿನ ಕಾಳು ಕೊಟ್ಟು, ಕೈ ಹಿಡಿದೆತ್ತಿ ನೀರಿನ ಮೇಲೆ ಬಿಡಿಸುತ್ತಿದ್ದಳು. ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು, ಒಂದರಲ್ಲೂ ಕೊರತೆ ಇರಲಿಲ್ಲ. ಭಿವಂಡಿಯ ಗೋದಾಮಿನಲ್ಲಿ ಲೆಕ್ಕ ಬರೆಯುವ ಚಿಕ್ಕಪ್ಪ ಬಂದಾಗಲೆಲ್ಲ, ಅತ್ತಿಗೆಯಂಥ ಹೆಂಗಸು ಈಗ ಎಲ್ಲಿ ಸಿಗುತ್ತಾಳೆ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೀನುಗಳೂ ದುಂಡಗೆ ಇದ್ದವು. ಈ ಟ್ಯಾಂಕನ್ನು ಯಾರಿಗಾದರೂ ಕೊಟ್ಟು ಆರಾಮಾಗಿರು ಅಮ್ಮ ಎಂದು ನಾನು ಹೇಳಿದೆ. ಬೇಡ, ಇವರಿಗೆ ಅದೊಂದು ಉಂಟು, ಇರಲಿ ಎಂದಳು. ನಾನು ಅದನ್ನು ಪ್ರೀತಿ ಎಂದುಕೊಂಡೆ.

ಹಾಗೆ ಒಂದು ಮಳೆಗಾಲ ಕಳೆದ ಮೇಲೆ ಹಗಲಿನ ಗ್ರಹಣವೊಂದು ಬಂತು. ನಮ್ಮ ಮನೆಯಲ್ಲಿ ಗ್ರಹಣ ಎಂದರೆ ದೊಡ್ಡ ರಂಪ. ಹಿಡಿಯುವ ಮೊದಲೇ ಮೊಸರಿಗೆ, ಉಪ್ಪಿನಕಾಯಿಯ ಭರಣಿಗೆ, ಕುಡಿಯುವ ನೀರಿಗೆ ದರ್ಭೆ ಹಾಕಬೇಕು. ದರ್ಭೆ ಬಿದ್ದದ್ದಕ್ಕೆ ದೋಷ ಇಲ್ಲ. ದರ್ಭೆ ಹಾಕದ ನೀರನ್ನು ಗ್ರಹಣ ಬಿಟ್ಟ ಮೇಲೆ ಚೆಲ್ಲಿ, ಪಾತ್ರೆ ತೊಳೆದು, ಹೊಸ ನೀರು ತುಂಬಬೇಕು. ಟ್ಯಾಂಕ್ ಬಂದ ಮೇಲೆ ಅದರ ಮುಚ್ಚಳದ ಸಂದಿಯಲ್ಲೂ ಒಂದು ಎಸಳು ಸಿಕ್ಕಿಸುವುದು ಅಮ್ಮನ ಪದ್ಧತಿ. ಅಪ್ಪಯ್ಯನೂ ಅದನ್ನು ಒಪ್ಪಿದ್ದರು. ಅಷ್ಟೂ ನೀರು ಚೆಲ್ಲುವುದು ತಪ್ಪುತ್ತಿತ್ತಲ್ಲ.

ಆ ದಿನ ಹೋಗಬೇಡ ಎಂದು ಅಮ್ಮ ಹೇಳಿದರೂ ಕೇಳದೆ ನಾನು ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ನೋಡುತ್ತೇನೆ, ಹಾಲ್ ಇಡೀ ಒದ್ದೆ. ಟ್ಯಾಂಕಿನ ತಳದ ಕಲ್ಲುಗಳು ತಿಕ್ಕಿ ಬೆಳ್ಳಗಾಗಿವೆ. ಬಾಲ್ಕನಿಯಲ್ಲಿ, ಸಂಡಿಗೆ ಒಣಗಿಸುವ ಬಟ್ಟೆಯ ಮೇಲೆ, ಫಿಲ್ಟರಿನ ಸ್ಪಂಜು ಮತ್ತು ಪಿಂಗಾಣಿಯ ಚೂರುಗಳು ಸಾಲಾಗಿ ಒಣಗುತ್ತಿವೆ. ಅಮ್ಮ ಅವಕ್ಕೆ ಕುದಿಯುವ ನೀರು ಹೊಯ್ದು, ನಲ್ಲಿಯ ಕೆಳಗೆ ತಿಕ್ಕಿ, ಬಿಸಿಲಿಗೆ ಹಾಕಿದ್ದಳು. ವರ್ಷಗಟ್ಟಲೆ ಬೆಳೆಸಿದ ಜೀವಿಗಳು ಒಂದು ಮಧ್ಯಾಹ್ನಕ್ಕೆ ಮುಗಿದಿದ್ದವು. ಮೀನುಗಳು ಹೊಸ ನೀರಿನಲ್ಲಿ ಏನೂ ಅರಿಯದೆ ಓಡಾಡುತ್ತಿದ್ದವು. ಅಮ್ಮ ತಲೆಗೆ ಮಿಂದು, ತುಳಸಿಗೆ ದೀಪ ಹಚ್ಚುತ್ತಿದ್ದಳು.

ಎಂತ ಮಾಡಿದೆ ಅಮ್ಮ ಎಂದೆ. ಗ್ರಹಣದ ನೀರು, ಇಟ್ಟುಕೊಳ್ಳಬಾರದು ಎಂದಳು. ದರ್ಭೆ ಹಾಕಲಿಲ್ಲವಾ ಎಂದು ಕೇಳಿದೆ. ಮರೆತುಹೋಯಿತು ಎಂದಳು.

ನಾನು ಒಳಗೆ ಹೋಗಿ ನೋಡಿದೆ. ಮೊಸರಿನ ಮೇಲೆ ದರ್ಭೆ ಇತ್ತು. ಉಪ್ಪಿನಕಾಯಿಗೆ ಇತ್ತು. ಎಣ್ಣೆಯ ಡಬ್ಬಕ್ಕೂ ಇತ್ತು. ಬಾಲ್ಕನಿಯ ಡ್ರಮ್ಮಿನಲ್ಲಿ ಒಂದು ಕಟ್ಟೇ ತೇಲುತ್ತಿತ್ತು. ಮರೆತದ್ದು ಟ್ಯಾಂಕಿಗೆ ಮಾತ್ರ. ಇನ್ನೂ ಒಂದು ವಿಷಯ ಇತ್ತು. ಮೀನುಗಳಿಗೆ ಅವಳು ಹೊಸದಾಗಿ ತುಂಬಿದ್ದು ನಲ್ಲಿನೀರನ್ನಲ್ಲ, ಆ ಡ್ರಮ್ಮಿನ ನೀರನ್ನು. ನಲ್ಲಿನೀರಾಗಿದ್ದರೆ ಅವು ಆ ಸಂಜೆಯೇ ಸಾಯುತ್ತಿದ್ದವು. ಡ್ರಮ್ಮಿನ ನೀರು ಒಳ್ಳೆಯದು. ಅದರಲ್ಲಿ, ಫಿಲ್ಟರ್ ಸತ್ತಿರುವಾಗ, ತಮ್ಮದೇ ಹೊಲಸಿನಿಂದ ದಿನ ದಿನ ಸ್ವಲ್ಪ ಸ್ವಲ್ಪವಾಗಿ ಸಾಯಬೇಕು. ನನ್ನ ತಾಯಿಯ ತಲೆ ಇಷ್ಟು ಚೆನ್ನಾಗಿ ಓಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮರುದಿನವೇ ನಳಿಕೆಯ ನೀರು ತಿಳಿಹಸಿರಿಗೆ ತಿರುಗಿತು. ಅಮ್ಮ ನಳಿಕೆಯನ್ನು ಕಿಟಕಿಗೆ ಹಿಡಿಯಲಿಲ್ಲ, ಅಪ್ಪಯ್ಯನ ಮುಖದ ಮುಂದೆ ಹಿಡಿದಳು. ನೋಡಿ, ಹಸಿರು ಎಂದಳು. ಅವರು ಬೇಗ ಎಂದರು. ದಿನಾ ಬೆಳಿಗ್ಗೆ ಹಾಗೆ. ಬಣ್ಣ ಹೆಚ್ಚುತ್ತಾ ಹೋಯಿತು, ಅವಳು ಇನ್ನೂ ಹತ್ತಿರ ಹಿಡಿಯುತ್ತಾ ಹೋದಳು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗತೊಡಗಿದವು. ರೆಕ್ಕೆಗಳಲ್ಲಿ ಕೆಂಪು ಗೀರು ಮೂಡಿತು.

ನಾನು ಸುಮ್ಮನೆ ಕೂರುವವಳಲ್ಲ. ಠಾಣೆ ಸ್ಟೇಷನ್ನಿನ ಹೊರಗಿನ ಸಾಕುಮೀನಿನ ಅಂಗಡಿಯಿಂದ, ಆ ಜೀವಿಗಳನ್ನೇ ತುಂಬಿಸಿ ಮಾರುವ ಬಾಟಲಿ ತಂದು ಸುರಿದೆ. ಬೆಳಿಗ್ಗೆ ಲೋಕಲ್ ಹಿಡಿಯುವ ಮೊದಲು ಅರ್ಧ ನೀರು ಬದಲಾಯಿಸಿದೆ. ಅಮ್ಮ ಅಡ್ಡ ಬರಲಿಲ್ಲ. ನಾನು ಅತ್ತ ಹೋದ ಮೇಲೆ ಮುಷ್ಟಿ ಮುಷ್ಟಿ ಅರಳು ತಂದು ಟ್ಯಾಂಕಿಗೆ ಸುರಿದಳು. ತಿಂದಷ್ಟು ತಿಂದು ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಇಮ್ಮಡಿಯಾಯಿತು. ನಾನು ಕೂಗಾಡಿದರೆ, ದೇವಸ್ಥಾನದ ಕೆರೆಯ ಮೀನಿಗೆ ಅರಳು ಹಾಕಿದರೆ ಪುಣ್ಯ, ಮನೆಯ ಮೀನಿಗೆ ಹಾಕಿದರೆ ಪಾಪವಾ ಎಂದು ಕೇಳಿದಳು. ಆ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಅವಳ ಕೈಯಿಂದ ಅರಳಿನ ಡಬ್ಬಿ ಕಸಿದುಕೊಂಡು, ನನ್ನ ಹತ್ತಿರ ನಾಟಕ ಬೇಡ, ನಿನಗೆ ಎಲ್ಲ ಗೊತ್ತಿತ್ತು ಎಂದೆ.

ಅಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಳು. ಅಪ್ಪಯ್ಯನಿಗೆ ಕೇಳುತ್ತದೆ ಎಂದು ದನಿ ತಗ್ಗಿಸಲೂ ಇಲ್ಲ.

"ಗೊತ್ತಿತ್ತು ಮಗಾ. ಇಷ್ಟು ವರ್ಷ ಆ ಸ್ಪಂಜು ಹಿಂಡಿದ್ದು ನಾನೇ ಅಲ್ವಾ? ಜೀವ ಹೋಗುದನ್ನು ಕೂತು ನೋಡುದು ಹೇಗೆ ಅಂತ ಇವರಿಗೆ ಒಮ್ಮೆ ಗೊತ್ತಾಗ್ಬೇಕು. ಎದ್ದು ಹೋಗ್ಲಿಕ್ಕೆ ಆಗ್ಬಾರ್ದು, ಏನೂ ಮಾಡ್ಲಿಕ್ಕೆ ಆಗ್ಬಾರ್ದು. ನಂಗೆ ನೋಡ್ಲಿಕ್ಕಾದ್ರೂ ಎಲ್ಲಿ ಸಿಕ್ಕಿತು? ನನ್ನಮ್ಮ ನಾನಿಲ್ಲದೆ ಹೋದಳು."

ನಾನು ಡಬ್ಬಿಯನ್ನು ಅವಳ ಪಕ್ಕದಲ್ಲಿ ಇಟ್ಟೆ. ಆಮೇಲೆ ಆ ಟ್ಯಾಂಕಿನ ಸುದ್ದಿಗೆ ಹೋಗಲಿಲ್ಲ. ಮೀನಿನ ಮೇಲೆ ಕನಿಕರ ಇಲ್ಲದೆ ಅಲ್ಲ. ಪಾಪ, ಅವು ಏನು ಮಾಡಿದ್ದವು? ಆದರೆ ಒಬ್ಬಳ ಅಷ್ಟು ವರ್ಷದ ಸಂಕಟಕ್ಕೆ ಎದುರಾಗಿ ಹಿಡಿಯಲು ನನ್ನ ಕೈಯಲ್ಲಿ ಇನ್ನೊಂದು ಬಕೆಟ್ ನೀರು ಬಿಟ್ಟು ಏನೂ ಇರಲಿಲ್ಲ. ಅಪ್ಪಯ್ಯ ಅನುಭವಿಸಲಿ ಎಂದು ನನಗೂ ಅನ್ನಿಸಿತ್ತು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ.

ಒಂದೊಂದಾಗಿ ಸತ್ತವು. ಮೊದಲು ಸಣ್ಣವು, ಕೊನೆಗೆ ಆ ದೊಡ್ಡದು, ಬೆರಳು ಚೀಪುತ್ತಿದ್ದದ್ದು. ಅದು ಒಂದು ಇಡೀ ಹಗಲು ಮಗ್ಗುಲಾಗಿ ಬಿದ್ದುಕೊಂಡು ಕಿವಿರು ಆಡಿಸುತ್ತಿತ್ತು. ಮೊಟ್ಟೆಯನ್ನೂ ಒಳಗೆ ಬಿಡದ ಅಮ್ಮ ಸತ್ತ ಮೀನನ್ನು ಸ್ಟೀಲ್ ತಟ್ಟೆಯಲ್ಲಿ ಎತ್ತಿಕೊಂಡು ಬಂದು ಅಪ್ಪಯ್ಯನ ಮುಂದೆ ಹಿಡಿದು ನಿಲ್ಲುತ್ತಿದ್ದಳು. ಸಾಕಷ್ಟು ಹೊತ್ತು ನಿಲ್ಲುತ್ತಿದ್ದಳು. ಆಮೇಲೆ ಕಾಗದದಲ್ಲಿ ಸುತ್ತಿ ಕಸಕ್ಕೆ ಕೊಟ್ಟು, ತಟ್ಟೆಯನ್ನೂ ಎಸೆದು, ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದಳು. ಎಷ್ಟು ಮೀನೋ ಅಷ್ಟು ತಟ್ಟೆ, ಅಷ್ಟು ಸ್ನಾನ.

ಮೀನು ಮುಗಿದ ಮೇಲೆ ಸಂಜೆಯ ಹೊತ್ತು ಅಪ್ಪಯ್ಯ ಕಿರುಚತೊಡಗಿದರು. ಎಡಗೈಯನ್ನು ಕುರ್ಚಿಗೆ ಬಡಿದು ಬಡಿದು ಬೇಗ, ಬೇಗ ಎಂದು ಗಂಟಲು ಹರಿಯುವ ಹಾಗೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಮ್ಮ ಎದುರಿನ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ನಾನು ಅಷ್ಟು ನೆಮ್ಮದಿ ಎಂದೂ ಕಂಡಿರಲಿಲ್ಲ. ಅಳಲಿ, ಅತ್ತರೆ ಹಗುರಾಗುತ್ತದೆ ಎಂದು ನನಗೆ ಹೇಳಿದಳು. ಚಿಕ್ಕಪ್ಪ ಬಂದವರು ಮೀನಿಲ್ಲದ ಟ್ಯಾಂಕ್ ನೋಡಿ, ಅತ್ತಿಗೆಯ ಮಡಿ ಮೈಲಿಗೆ ಅಣ್ಣನ ಮೀನನ್ನು ತಿಂದಿತು, ಹಳೆ ಕಾಲದವರು, ಅವರಿಗೆ ಎಂತ ಗೊತ್ತು ಎಂದು ಲೊಚಗುಟ್ಟಿದರು. ಅಮ್ಮ ತಲೆ ಬಗ್ಗಿಸಿಕೊಂಡು ಅವರಿಗೆ ಕಾಫಿ ಕೊಟ್ಟಳು.

ಆ ಕಿರುಚಾಟ ನಿಲ್ಲದೆ ಹೋದಾಗ ನಾನೇ ಹಟ ಹಿಡಿದು ಅವರನ್ನು ಕಲ್ಯಾಣದ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಮ್ಮನೂ ಬಂದಳು. ಡಾಕ್ಟರು ಅಪ್ಪಯ್ಯನ ಕಣ್ಣಿನ ಮುಂದೆ ಪೆನ್ನು ಆಡಿಸಿದರು, ಬೆರಳು ಹಿಡಿದರು, ಟಾರ್ಚ್ ಬಿಟ್ಟರು. ಹಳೆಯ ಸ್ಕ್ಯಾನ್ ತೆಗೆದು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ಹಿಂದಿಯಲ್ಲಿ, ಇವರಿಗೆ ಕಣ್ಣು ಕಾಣುವುದಿಲ್ಲ, ನಿಮಗೆ ಯಾರೂ ಹೇಳಿರಲಿಲ್ಲವೇ ಎಂದು ಕೇಳಿದರು. ಎರಡನೆಯ ಸ್ಟ್ರೋಕಿನಲ್ಲಿ ಮಿದುಳಿನ ನೋಡುವ ಭಾಗವೇ ಹೋಗಿದೆಯಂತೆ. ಬೆಳಕು, ಕತ್ತಲೆ ಗೊತ್ತಾಗಬಹುದು, ಅಷ್ಟೇ. ಮಾತು ಇದ್ದಿದ್ದರೆ ಅವರೇ ಹೇಳುತ್ತಿದ್ದರು. ಕೇಳಿದ ಮಾತು ಎಷ್ಟು ತಲೆಗೆ ಹತ್ತುತ್ತದೆ ಎಂಬುದೂ ಅನುಮಾನವೇ ಎಂದರು.

ಅಮ್ಮನಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಆದರೂ ನನ್ನ ಕಡೆ ತಿರುಗಿ, ಎಂತ ಹೇಳಿದರು ಎಂದು ಕೇಳಿದಳು. ನಾನು ಕನ್ನಡದಲ್ಲಿ ಮತ್ತೆ ಹೇಳಿದೆ. ರಿಕ್ಷಾದಲ್ಲಿ ಅಪ್ಪಯ್ಯನ ತಲೆ ಅವಳ ಭುಜಕ್ಕೆ ಬಿದ್ದಿತ್ತು.

ಮನೆಗೆ ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು. ಮೀನಿಲ್ಲದಿದ್ದರೂ ಅವರಿಗಾಗಿ ಬಿಟ್ಟಿದ್ದ ಫಿಲ್ಟರ್ ಎಂದಿನ ಹಾಗೆ ಗುಳುಗುಳು ಎನ್ನುತ್ತಿತ್ತು. ಅಪ್ಪಯ್ಯನ ಮುಖ ಆ ಸದ್ದಿಗೆ ತಿರುಗಿತು, ಶಾಂತವಾಯಿತು. ಸಂಜೆಯಾಗುತ್ತಲೇ ಎಡಗೈ ಚಾಚಿ, ಬೆರಳುಗಳನ್ನು ಚಿಟಿಕೆಯ ಹಾಗೆ ಒತ್ತಿ ಬೇಗ ಎಂದರು. ಮತ್ತೆ ಬೇಗ ಎಂದರು. ಆಮೇಲೆ ಕಿರುಚಿದರು. ಆಗ ನಮಗಿಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಅವರು ಅಷ್ಟು ದಿನ ಅತ್ತದ್ದು ಮೀನು ಸತ್ತದ್ದಕ್ಕೆ ಅಲ್ಲ. ಮೀನಿಗೆ ಹಾಕಲು ಕಾಳು ಕೊಡದೆ ಇದ್ದದ್ದಕ್ಕೆ. ಅವರ ಮಟ್ಟಿಗೆ ಅಷ್ಟೂ ಮೀನುಗಳು ಹಸಿದುಕೊಂಡು ಆ ನೀರಿನಲ್ಲಿ ಓಡಾಡುತ್ತಲೇ ಇದ್ದವು.

ಅಮ್ಮ ನನ್ನ ತೋಳು ಹಿಡಿದಳು. ಹೇಳು, ಎಲ್ಲ ಸತ್ತವು ಅಂತ ಹೇಳು, ನಾನೇ ಕೊಂದದ್ದು ಅಂತಲೂ ಹೇಳು ಎಂದಳು. ನಾನು ಬಗ್ಗಿ ಅಪ್ಪಯ್ಯನ ಕಿವಿಯಲ್ಲಿ ಗಟ್ಟಿಯಾಗಿ ಹೇಳಿದೆ. ಎರಡು ಸಲ ಹೇಳಿದೆ. ಅವರು ನನ್ನ ಮಾತನ್ನು ಕೇಳಿದ ಹಾಗೆ ತಲೆ ಓರೆ ಮಾಡಿ, ಅಂಗೈ ಚಾಚಿ, ಬೇಗ ಎಂದರು. ಅಮ್ಮ ಎದ್ದು ಹೋಗಿ ಫಿಲ್ಟರಿನ ಸ್ವಿಚ್ ಆರಿಸಿದಳು. ಹಾಲ್ ಸ್ತಬ್ಧವಾಯಿತು. ಅಪ್ಪಯ್ಯ ಕುರ್ಚಿಯಿಂದ ಬೀಳುವ ಹಾಗೆ ಒದ್ದಾಡಿದರು. ಅವರ ಕೂಗಿಗೆ ಎದುರಿನ ಮನೆಯ ಮರಾಠಿ ಹೆಂಗಸು ಬಾಗಿಲು ಬಡಿದು, ಏನಾಯಿತು, ಬಿದ್ದರಾ ಎಂದು ಕೇಳಿದರು. ಅಮ್ಮ ಸ್ವಿಚ್ ಹಾಕಿದಳು. ಡಬ್ಬಿ ತೆಗೆದಳು. ಅವರ ಅಂಗೈಗೆ ಕಾಳು ಹಾಕಿ, ಕೈ ಎತ್ತಿ ಹಿಡಿದಳು. ಖಾಲಿ ನೀರಿನ ಮೇಲೆ ಕಾಳು ಬಿತ್ತು. ಅಪ್ಪಯ್ಯ ನಕ್ಕರು.

ಅಂದಿನಿಂದ ಅದೇ ನಡೆದಿದೆ. ದಿನಾ ಸಂಜೆ ಕಾಳು ಬೀಳಬೇಕು. ತಿನ್ನಲು ಯಾರೂ ಇಲ್ಲದ ಕಾಳು ಬಾತು, ತಳಕ್ಕೆ ಇಳಿದು ಕೊಳೆಯುತ್ತದೆ. ಅಪ್ಪಯ್ಯನ ಮೂಗು ಮಾತ್ರ ಹಾಳಾಗಿಲ್ಲ. ನೀರು ಸ್ವಲ್ಪ ನಾತ ಹೊಡೆದರೂ ಊಟದ ಚಮಚ ತಳ್ಳಿ, ಬೇಗ ಬೇಗ ಎಂದು ಕೂಗುತ್ತಾರೆ. ನೀರು ಬದಲಾಯಿಸುವವರೆಗೆ ಒಂದು ತುತ್ತು ಇಳಿಯುವುದಿಲ್ಲ. ನಾಲ್ಕು ಮೀನು ತಂದು ಬಿಡುತ್ತೇನೆ, ತಿಂದುಕೊಂಡಾದರೂ ಇರಲಿ ಎಂದೆ. ಅಮ್ಮ ಕೈ ಮುಗಿದಳು. ತನ್ನ ಕೈಗೆ ಇನ್ನು ಯಾವ ಜೀವವನ್ನೂ ಕೊಡಬೇಡ ಎಂದಳು. ಕೆಲಸದವಳನ್ನು ಇಟ್ಟೆ, ಮೀನಿಲ್ಲದ ಟ್ಯಾಂಕಿನ ನೀರು ಹೊರುವುದು ಹುಚ್ಚು ಎಂದು ಅವಳು ಬಿಟ್ಟು ಹೋದಳು. ಭಾನುವಾರ ನಾನು ಹೊರುತ್ತೇನೆ. ಉಳಿದ ದಿನ ಅಮ್ಮ, ಆ ಮೊಣಕಾಲಿನಲ್ಲಿ.

ಮೊನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ಡ್ರಮ್ಮಿಗೆ ಬಗ್ಗಿ ಬಕೆಟ್ ಅದ್ದುತ್ತಿದ್ದವಳನ್ನು ನಾನು ಬೈದೆ. ಅವರು ಕೂಗಲಿ, ಗಂಟಲು ನೋವಾದಾಗ ತಾವೇ ನಿಲ್ಲಿಸುತ್ತಾರೆ. ಕಣ್ಣಿಲ್ಲ, ಕಾಲಿಲ್ಲ, ಎದ್ದು ಬಂದು ನಿನ್ನನ್ನು ಎಂತ ಮಾಡುತ್ತಾರೆ ಎಂದೆ. ಅಮ್ಮ ಡ್ರಮ್ಮಿನ ಅಂಚು ಹಿಡಿದು ಸೊಂಟ ನೆಟ್ಟಗೆ ಮಾಡಿದಳು.

"ಗೊತ್ತುಂಟು ಮಗಾ, ಎಂತದೂ ಮಾಡ್ಲಿಕ್ಕೆ ಆಗುದಿಲ್ಲ ಅವರಿಗೆ. ಆದ್ರೂ ಅವರು ಕೂಗಿದ ಕೂಡ್ಲೇ ನಂಗೆ ಹೆದರಿಕೆ ಆಗ್ತದೆ, ಈಗ್ಲೂ."

ಅಷ್ಟರಲ್ಲಿ ಹಾಲಿನಿಂದ ಅಪ್ಪಯ್ಯ ಕೂಗಿದರು. ಅಮ್ಮ ಅರ್ಧ ತುಂಬಿದ ಬಕೆಟನ್ನೇ ಎತ್ತಿಕೊಂಡು, ಕುಂಟುತ್ತಾ, ಬಂದೆ ಬಂದೆ ಎನ್ನುತ್ತಾ ಒಳಗೆ ಓಡಿದಳು.